ಪೆಟ್ಟಿಗೆಯಲ್ಲಿದೆ, ಆದರೆ ತೆರೆಯುವುದಿಲ್ಲ

"ರೆಕಾರ್ಡ್ ಮಾಡಿಟ್ಟಿದ್ದೀನಿ, ಸಂಜೆ ನೋಡ್ತೀನಿ" ಎಂದು ನಮ್ಮ ಕಾಮರ್ಸ್ ವಿಭಾಗದಲ್ಲಿ ಯಾರಾದರೂ ಹೇಳಿದರೆ ಈಗ ಉಳಿದವರು ನಗುತ್ತಾರೆ. ಯಾಕೆ ರೆಕಾರ್ಡ್ ಮಾಡಬೇಕು, ಆ್ಯಪ್‌ನಲ್ಲಿ ಇರುತ್ತಲ್ಲ ಎನ್ನುತ್ತಾರೆ. ಪ್ರಥಮ ಪಿಯುಸಿಯ ತಂಗಿಯರಿಗಂತೂ ಟಿವಿಯ ಕೆಳಗೆ ಹಾರ್ಡ್ ಡಿಸ್ಕ್ ಇರುವ ಒಂದು ಪೆಟ್ಟಿಗೆ ಇತ್ತು, ಅದು ಕಾರ್ಯಕ್ರಮಗಳನ್ನು ತುಂಬಿಟ್ಟುಕೊಳ್ಳುತ್ತಿತ್ತು ಎಂದು ವಿವರಿಸಿಯೇ ಹೇಳಬೇಕು. ನಮ್ಮ ಮನೆಯಲ್ಲಿ ಆ ಪೆಟ್ಟಿಗೆ ಇನ್ನೂ ಇದೆ. ಅದರ ಮೇಲೆ ನನಗೆ ಸಿಟ್ಟೂ ಇದೆ, ಅದರ ಪರವಾಗಿ ಹೇಳಬೇಕಾದ ಮಾತೂ ಇದೆ. ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಿಟ್ಟಿನ ವಿಷಯ. ರೆಕಾರ್ಡಿಂಗ್ ಪೆಟ್ಟಿಗೆಯನ್ನು ನಾವು ಕೊಂಡಿದ್ದು ಸಾಮಾನ್ಯ ಪೆಟ್ಟಿಗೆಗಿಂತ ಹೆಚ್ಚು ಹಣ ಕೊಟ್ಟು. ಒಂದು ಚಾನೆಲ್ ನೋಡುತ್ತಾ ಇನ್ನೊಂದನ್ನು ರೆಕಾರ್ಡ್ ಮಾಡಬಹುದು, ಲೈವ್ ಮ್ಯಾಚನ್ನೇ ನಿಲ್ಲಿಸಿ ಊಟ ಮಾಡಿ ಬಂದು ನೋಡಬಹುದು ಎಂದು ಹೇಳಿ ಮಾರಿದ್ದರು. ಅದು ಸುಳ್ಳಲ್ಲ. 2022 ಮತ್ತು 2023ರಲ್ಲಿ ರಂಜಾನ್ ತಿಂಗಳೂ ಐಪಿಎಲ್ಲೂ ಒಟ್ಟಿಗೇ ಬಂದವು. ಮ್ಯಾಚು ಏಳೂವರೆಗೆ ಶುರು, ಅಷ್ಟರಲ್ಲಿ ಇಶಾ ಮತ್ತು ತರಾವೀಹ್‌ಗೆ ಹೊರಡುವ ಹೊತ್ತು. ಅಬ್ಬಾ ಮತ್ತು ಭಾಯಿ ರೆಕಾರ್ಡಿಂಗ್ ಹಾಕಿ ಮಸೀದಿಗೆ ಹೋಗುತ್ತಿದ್ದರು. ದಾರಿಯಲ್ಲಿ ಯಾರೂ ಸ್ಕೋರ್ ಹೇಳದಿರಲೆಂದು ಭಾಯಿ ತಲೆ ತಗ್ಗಿಸಿಕೊಂಡೇ ಮನೆಗೆ ಬರುತ್ತಿದ್ದ. ಬಂದು ನೋಡಿದರೆ ಎಲ್ಲ ಇರುತ್ತಿತ್ತು, ಕೊನೆಯ ಎರಡು ಓವರ್ ಮಾತ್ರ ಇರುತ್ತಿರಲಿಲ್ಲ. ಕಾರ್ಯಕ್ರಮ ಪಟ್ಟಿಯಲ್ಲಿ ಮ್ಯಾಚು ಮುಗಿಯುವ ಸಮಯ ಎಂದು ಏನು ನಮೂದಾಗಿದೆಯೋ ಅಲ್ಲಿಗೆ ಪೆಟ್ಟಿಗೆ ತನ್ನ ಕೆಲಸ ನಿಲ್ಲಿಸಿಬಿಡುತ್ತಿತ್ತು. ಮ್ಯಾಚು ತಡವಾಗಿದೆ, ಇನ್ನೂ ನಡೆಯುತ್ತಿದೆ ಎಂದು ಅದಕ್ಕೆ ಹೇಳುವವರಿಲ್ಲ. ಒಂದು ವರ್ಷವಲ್ಲ, ಎರಡು ವರ್ಷವೂ ಹೀಗೇ ಆಯಿತು.

ಇದಲ್ಲದೆ ರಿಮೋಟ್ ಒತ್ತಿದರೆ ನಾಲ್ಕೆಣಿಸುವವರೆಗೆ ಪರದೆ ಅಲುಗುವುದಿಲ್ಲ. ಕಾರ್ಯಕ್ರಮದ ಹೆಸರು ಹುಡುಕಬೇಕಾದರೆ ಬಾಣದ ಗುಂಡಿಯಿಂದ ಒಂದೊಂದೇ ಅಕ್ಷರ ಆರಿಸಬೇಕು, ಅದೂ ಇಂಗ್ಲಿಷಿನಲ್ಲಿ. ನಾನಿಗೆ ಇಂಗ್ಲಿಷ್ ಬಾರದು, ಆದ್ದರಿಂದ ಅವರಿಗೆ ಬೇಕಾದ ಅಡುಗೆ ಕಾರ್ಯಕ್ರಮ ರೆಕಾರ್ಡ್ ಆಗಬೇಕಾದರೆ ನಾವು ಮನೆಯಲ್ಲಿರಬೇಕು. ಜೋರು ಮಳೆ ಬಂದರೆ ಸಿಗ್ನಲ್ ಹೋಗುತ್ತದೆ, ರೆಕಾರ್ಡಿಂಗ್ ಪಟ್ಟಿಯಲ್ಲಿ ಅರ್ಧ ಗಂಟೆಯ ಧಾರಾವಾಹಿ ಏಳು ನಿಮಿಷವೆಂದು ತೋರಿಸುತ್ತದೆ. ಡಿಸ್ಕ್ ತುಂಬಿದರೆ ಯಾವುದನ್ನು ಅಳಿಸಬೇಕೆಂದು ಮನೆಯಲ್ಲಿ ಜಗಳ. ನಮ್ಮನೆಯ ಅರ್ಧ ಜಗಳ ಅದೇ ಆಗಿತ್ತು ಬಿಡಿ.

ಇವೆಲ್ಲ ಸರಿಪಡಿಸಲು ಆಗದ ದೋಷಗಳೇ? ಕೆಲವು ಹೌದು. ಉಪಗ್ರಹದಿಂದ ಬರುವ ಸಿಗ್ನಲ್ ಏಕಮುಖ ರಸ್ತೆ. ಮೇಲಿನಿಂದ ಎಲ್ಲರ ಛತ್ರಿಗೂ ಒಂದೇ ಬಾರಿ ಒಂದೇ ಸಿಗ್ನಲ್ ಬೀಳುತ್ತದೆ, ನಮ್ಮ ಮನೆಯಿಂದ ಮೇಲಕ್ಕೆ ಏನೂ ಹೋಗುವುದಿಲ್ಲ. "ನಿನ್ನೆಯ ಕಂತು ಕೊಡಿ" ಎಂದು ಕೇಳಲು ದಾರಿಯೇ ಇಲ್ಲ. ಅದಕ್ಕಾಗಿಯೇ ಮನೆಯಲ್ಲಿ ಒಂದು ಉಗ್ರಾಣ ಬೇಕಾಯಿತು. ಬರುವಾಗಲೇ ಹಿಡಿದಿಟ್ಟುಕೊಳ್ಳುವ ಹಾರ್ಡ್ ಡಿಸ್ಕ್ ಎಂದರೆ ಆ ಉಗ್ರಾಣ. ಇಂಟರ್ನೆಟ್ ಟಿವಿಯಲ್ಲಿ ಉಗ್ರಾಣ ಕಂಪನಿಯ ಸರ್ವರಿನಲ್ಲಿರುತ್ತದೆ. ಪ್ರತಿ ಮನೆಗೂ ಬೇರೆ ಬೇರೆ ದಾರಿ, ಕೇಳಿದಾಗ ಕೇಳಿದ್ದನ್ನು ಕಳಿಸುತ್ತಾರೆ. ನೆಟ್ ನಿಧಾನವೂ ದುಬಾರಿಯೂ ಆಗಿದ್ದಾಗ ಮನೆಯ ಉಗ್ರಾಣ ಜಾಣತನವಾಗಿತ್ತು. ನಮ್ಮ ದೇಶದಲ್ಲಿ ಟಾಟಾ ಸ್ಕೈ ಪ್ಲಸ್ ಬಂದದ್ದು 2008ರಲ್ಲಿ. ಆಗ ಮೊಬೈಲಿನಲ್ಲಿ ಇಡೀ ಮ್ಯಾಚು ನೋಡುವುದನ್ನು ಯಾರೂ ಊಹಿಸಿರಲಿಲ್ಲ. 2015ರಲ್ಲಿ ಹಾಟ್‌ಸ್ಟಾರ್ ಬಂತು, 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಅದೇ ಸೆಪ್ಟೆಂಬರಿನಲ್ಲಿ ಜಿಯೋ. ಅಲ್ಲಿಂದ ಮುಂದೆ ಪೆಟ್ಟಿಗೆ ಹಿಂದೆ ಬಿದ್ದಿತು.

ಆದರೆ ರಿಮೋಟಿನ ನಿಧಾನಕ್ಕೂ ಉಪಗ್ರಹಕ್ಕೂ ಸಂಬಂಧವಿಲ್ಲ. ಕ್ರಿಕೆಟ್ ಪ್ರಸಾರಕ್ಕೆ ತಾನಾಗಿಯೇ ಒಂದು ಗಂಟೆ ಹೆಚ್ಚು ಸೇರಿಸುವುದು ದೊಡ್ಡ ವಿಜ್ಞಾನವಲ್ಲ. ಕಾರ್ಯಕ್ರಮದ ಹೆಸರು ಕನ್ನಡದಲ್ಲೋ ಉರ್ದುವಿನಲ್ಲೋ ಕಾಣಿಸುವುದೂ ಅಲ್ಲ. ಕೈಗೆ ಬರುವ ಮಾಸಿಕ ಹಣ ಬರುತ್ತಿದ್ದವರೆಗೆ ಕಂಪನಿಗಳು ಆ ಪೆಟ್ಟಿಗೆಯನ್ನು ತಿರುಗಿ ನೋಡಲಿಲ್ಲ. ಈಗ ಅಂಗಡಿಗೆ ಹೋಗಿ ಕೇಳಿದರೆ ಯಾವ ಪ್ಯಾಕಿಗೆ ಯಾವ ಆ್ಯಪ್ ಉಚಿತ ಎಂದು ಹೇಳುತ್ತಾರೆಯೇ ಹೊರತು ರೆಕಾರ್ಡಿಂಗ್ ಎಂಬ ಮಾತನ್ನೇ ಎತ್ತುವುದಿಲ್ಲ.

ಈ ಕತೆ ನಮ್ಮದೊಂದೇ ಅಲ್ಲ. ಇಂಥ ಪೆಟ್ಟಿಗೆಗಳಿಗೆ ದಾರಿ ಮಾಡಿಕೊಟ್ಟ ಅಮೆರಿಕದ ಟಿವೊ 1999ರಲ್ಲಿ ಮಾರುಕಟ್ಟೆಗೆ ಬಂತು. ಅಲ್ಲಿನ ಜನ ಅದರ ಹೆಸರನ್ನೇ ಕ್ರಿಯಾಪದ ಮಾಡಿಕೊಂಡಿದ್ದರು. 2025ರ ಅಕ್ಟೋಬರಿನಲ್ಲಿ ಆ ಕಂಪನಿ ರೆಕಾರ್ಡಿಂಗ್ ಪೆಟ್ಟಿಗೆಗಳ ಮಾರಾಟವನ್ನೇ ನಿಲ್ಲಿಸಿತು. ಅದಕ್ಕೂ ಮೊದಲಿನ ಒಂದು ವಿಷಯ ನಮಗೆ ಮುಖ್ಯ. ಸೋನಿ ಕಂಪನಿಯ ಬೀಟಾಮ್ಯಾಕ್ಸ್ ವಿಡಿಯೋ ರೆಕಾರ್ಡರ್ ವಿರುದ್ಧ ಹಾಲಿವುಡ್ಡಿನ ಸ್ಟುಡಿಯೋಗಳು ಕೋರ್ಟಿಗೆ ಹೋಗಿದ್ದವು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದು-ನಾಲ್ಕರ ತೀರ್ಪಿನಲ್ಲಿ, ಟಿವಿಯಲ್ಲಿ ಬಂದದ್ದನ್ನು ಮನೆಯಲ್ಲಿ ರೆಕಾರ್ಡ್ ಮಾಡಿ ಅನುಕೂಲದ ಹೊತ್ತಿಗೆ ನೋಡುವುದು ತಪ್ಪಲ್ಲ ಎಂದಿತು. ನೋಡುಗನಿಗೆ ತನ್ನ ಸಮಯದ ಮೇಲೆ ಹಕ್ಕಿದೆ ಎಂದು ಒಂದು ನ್ಯಾಯಾಲಯ ಹೇಳಿದ ಮಾತು ಅದು. ಅಮೆರಿಕದ ತೀರ್ಪು ನಮಗೆ ಕಾನೂನಲ್ಲ, ನಿಜ. ಆದರೆ ಪ್ರಶ್ನೆ ಒಂದೇ: ನಮ್ಮ ಮನೆಯೊಳಗೆ ಬಂದು, ನಾವು ಹಣ ಕೊಟ್ಟ ಡಿಸ್ಕಿನ ಮೇಲೆ ಕುಳಿತದ್ದು ಯಾರದು?

ಈ ಪ್ರಶ್ನೆ ನನ್ನ ತಲೆಯಲ್ಲಿ ಹುಟ್ಟಿದ್ದು ಕ್ರಿಕೆಟ್ಟಿನಿಂದಲ್ಲ, ಗಣಿತದಿಂದ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಹೈಸ್ಕೂಲ್ ಮಕ್ಕಳಿಗೆ ದೂರದರ್ಶನ ಚಂದನದಲ್ಲಿ ಪಾಠ ಬರತೊಡಗಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ನಮ್ಮ ಆಪಾ ಆಗ ಎಸ್ಸೆಸ್ಸೆಲ್ಸಿ. ಮನೆಯಲ್ಲಿದ್ದ ಸ್ಮಾರ್ಟ್‌ಫೋನ್ ಒಂದೇ, ಅದು ಅಬ್ಬಾ ಅವರ ಟೈಲರಿಂಗ್ ಅಂಗಡಿಗೆ ಹೋಗುತ್ತಿತ್ತು. ಅದೇ ಪಾಠಗಳು ಯೂಟ್ಯೂಬಿನಲ್ಲೂ ಇದ್ದವು. ಆದರೆ ಫೋನು ಮನೆಗೆ ಬರುವುದು ರಾತ್ರಿ ಒಂಬತ್ತಕ್ಕೆ, ಅಷ್ಟರಲ್ಲಿ ದಿನದ ಡೇಟಾ ಮುಗಿದಿರುತ್ತಿತ್ತು. ಹಾಗಾಗಿ ಆಪಾ ಎಲ್ಲ ಪಾಠವನ್ನೂ ಪೆಟ್ಟಿಗೆಯಲ್ಲಿ ರೆಕಾರ್ಡ್ ಮಾಡುತ್ತಿದ್ದಳು. ಟಿವಿಯಲ್ಲಿ ಶಿಕ್ಷಕರು ತ್ರಿಕೋನಮಿತಿ ಹೇಳಿಕೊಡುತ್ತಿದ್ದರೆ ಅವಳು ಒಂದೊಂದು ಹೆಜ್ಜೆಗೂ ನಿಲ್ಲಿಸಿ, ಲೆಕ್ಕ ತಾನೇ ಮಾಡಿ, ಆಮೇಲೆ ಮುಂದಕ್ಕೆ ಬಿಡುತ್ತಿದ್ದಳು. ಶಾಲೆಯಲ್ಲಿ ಸರ್ ಅವರನ್ನು ಹಾಗೆ ನಿಲ್ಲಿಸಲು ಆಗುತ್ತದೆಯೇ? ಏಳನೇ ತರಗತಿಯಲ್ಲಿದ್ದ ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಆ ನಿಧಾನದ ರಿಮೋಟ್ ಬಗ್ಗೆ ಆಗ ಯಾರೂ ದೂರಲಿಲ್ಲ.

2021ರ ಬೇಸಿಗೆಯಲ್ಲಿ ಮತ್ತೆ ಲಾಕ್‌ಡೌನ್ ಆಯಿತು. ಅಂಗಡಿ ಮುಚ್ಚಿತು. ರಂಜಾನ್ ಹಬ್ಬಕ್ಕೆ ಹೊಲಿಯಲು ಬಂದಿದ್ದ ಬಟ್ಟೆಗಳು ಅಂಗಡಿಯಲ್ಲೇ ಉಳಿದವು, ಹಣ ಬರಲಿಲ್ಲ. ಟಿವಿ ರೀಚಾರ್ಜ್ ಮುಗಿದಾಗ ಈ ತಿಂಗಳು ಬೇಡ ಎಂದು ಅಬ್ಬಾ ನಿರ್ಧರಿಸಿದರು. ಚಾನೆಲ್‌ಗಳು ಹೋಗುತ್ತವೆ, ಹೋಗಲಿ, ಪಾಠ ಹೇಗೂ ಡಿಸ್ಕಿನಲ್ಲಿದೆಯಲ್ಲ ಎಂದುಕೊಂಡೆವು. ಪಟ್ಟಿ ತೆರೆದರೆ ಎಲ್ಲ ಪಾಠಗಳ ಹೆಸರೂ ಕಾಣುತ್ತಿತ್ತು. ಒತ್ತಿದರೆ ಖಾತೆ ಸಕ್ರಿಯವಾಗಿಲ್ಲ ಎಂಬ ಸಂದೇಶ. ಅಬ್ಬಾ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರು. ಅಕೌಂಟ್ ಆ್ಯಕ್ಟಿವ್ ಇದ್ದರೆ ಮಾತ್ರ ರೆಕಾರ್ಡಿಂಗ್ ಓಪನ್ ಆಗುತ್ತೆ ಸರ್ ಎಂದರು ಅಲ್ಲಿದ್ದವರು, ಬಹಳ ವಿನಯದಿಂದಲೇ. ಆಪಾಳ ಪರೀಕ್ಷೆ ಜುಲೈ 19 ಮತ್ತು 22ಕ್ಕೆ ನಿಗದಿಯಾಗಿತ್ತು. ಕೊನೆಗೆ ಮಾಮು ರೀಚಾರ್ಜ್ ಮಾಡಿಸಿದರು, ಅವಳು ಪರೀಕ್ಷೆ ಬರೆದಳು. ಆದರೆ ನಡುವೆ ಕಳೆದ ಐದು ವಾರ ಕಳೆದದ್ದೇ.

ಇಲ್ಲಿ ಸ್ವಲ್ಪ ನಿಂತು ನೋಡಿ. ಪಾಠ ಮಾಡಿಸಿದ್ದು ಸರ್ಕಾರ. ಪ್ರಸಾರ ಮಾಡಿದ್ದು ದೂರದರ್ಶನ, ನೋಡುಗರಿಗೆ ಉಚಿತವಾದ ಚಾನೆಲ್. ಪೆಟ್ಟಿಗೆಗೆ ಹಣ ಕೊಟ್ಟಿದ್ದು ಅಬ್ಬಾ. ಇಷ್ಟಿದ್ದೂ ಬೀಗದ ಕೈ ಮೂರನೆಯವರ ಬಳಿ. ಹಣ ಕೊಟ್ಟು ನೋಡಬೇಕಾದ ಸಿನಿಮಾ ಚಾನೆಲ್ ಆಗಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆ. ಒಂದು ತಿಂಗಳು ರೀಚಾರ್ಜ್ ಮಾಡಿ ನೂರು ಸಿನಿಮಾ ತುಂಬಿಕೊಂಡು ಬಿಟ್ಟುಬಿಡುವವರು ಇರುತ್ತಾರೆ, ನಕಲು ಮಾಡಿ ಮಾರುವವರೂ ಇರುತ್ತಾರೆ. ಅದಕ್ಕೇ ಡಿಸ್ಕಿನಲ್ಲಿ ಬರೆಯುವುದನ್ನೆಲ್ಲ ಗೂಢಲಿಪಿಯಲ್ಲಿ ಬರೆದು, ಅದರ ಕೀಲಿಯನ್ನು ಆ ಪೆಟ್ಟಿಗೆಗೂ ಆ ಖಾತೆಗೂ ಕಟ್ಟಿರುತ್ತಾರೆ. ಆದರೆ ಉಚಿತ ಚಾನೆಲ್ಲಿನ ಗಣಿತ ಪಾಠಕ್ಕೂ ಅದೇ ಬೀಗ ಹಾಕುವುದಕ್ಕೆ ಕಾರಣವೇನು? ನಾನು ಯೋಚಿಸಿದಷ್ಟಕ್ಕೂ ಒಂದೇ ಉತ್ತರ ಸಿಗುತ್ತದೆ: ಬೇರೆ ಮಾಡುವ ಗೋಜಿಗೆ ಯಾರೂ ಹೋಗಲಿಲ್ಲ.

ಹಾಗಾದರೆ ಇಂಟರ್ನೆಟ್ ಟಿವಿಯೇ ಉತ್ತರ ಅಲ್ಲವೇ ಎಂದು ಗೆಳತಿಯರು ಕೇಳುತ್ತಾರೆ. ಅದರ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ತಡವಾದ ಮ್ಯಾಚು ಅರ್ಧಕ್ಕೆ ನಿಲ್ಲುವುದಿಲ್ಲ, ಡಿಸ್ಕ್ ತುಂಬುವುದಿಲ್ಲ, ನಾನಿ ಮೈಕಿನ ಗುಂಡಿ ಒತ್ತಿ ಬಾಯಲ್ಲಿ ಹೇಳಿದರೆ ಹುಡುಕಿಕೊಡುತ್ತದೆ. ಆದರೆ ಲೆಕ್ಕ ಹಾಕಿ. ಟಿವಿ ಪರದೆಯ ಮೇಲೆ ಎಚ್‌ಡಿ ಗುಣಮಟ್ಟದಲ್ಲಿ ನೋಡಿದರೆ ಗಂಟೆಗೆ ಸುಮಾರು 3 ಜಿಬಿ ಬೇಕು. ದಿನಕ್ಕೆ 1.5 ಜಿಬಿ ಕೊಡುವ ಪ್ಯಾಕ್ ಅರ್ಧ ಗಂಟೆಗೆ ಖಾಲಿ. 2024ರ ಜುಲೈಯಲ್ಲಿ ದೊಡ್ಡ ಮೊಬೈಲ್ ಕಂಪನಿಗಳೆಲ್ಲ ದರ ಏರಿಸಿದ್ದು ಹಾಸ್ಟೆಲಿನವರಿಗೆ ಚೆನ್ನಾಗಿ ಗೊತ್ತು. ಮನೆಗೆ ಫೈಬರ್ ಹಾಕಿಸಿಕೊಂಡವರಿಗೆ ಈ ಚಿಂತೆಯಿಲ್ಲ. ಆದರೆ ನಮ್ಮ ಕಾಲೇಜಿನ ಎಷ್ಟು ಮನೆಗಳಲ್ಲಿ ಫೈಬರ್ ಇದೆ, ಎಷ್ಟು ಹೆಣ್ಣುಮಕ್ಕಳ ಕೈಯಲ್ಲಿ ಸ್ವಂತ ಫೋನಿದೆ ಎಂದು ತರಗತಿಯಲ್ಲೊಮ್ಮೆ ಕೈಯೆತ್ತಿಸಿ ನೋಡಿ. ಟಿವಿಯ ಪೆಟ್ಟಿಗೆ ಇಡೀ ಮನೆಯದಾಗಿತ್ತು. ಫೋನು ಒಬ್ಬರದು, ಹೆಚ್ಚಿನ ಮನೆಗಳಲ್ಲಿ ಆ ಒಬ್ಬರು ಯಾರೆಂದು ಹೇಳಬೇಕಾಗಿಲ್ಲ.

ಇನ್ನು ಜಾಹೀರಾತು. ರೆಕಾರ್ಡ್ ಮಾಡಿದ ಕಾರ್ಯಕ್ರಮದಲ್ಲಿ ಜಾಹೀರಾತು ಬಂದರೆ ಓಡಿಸಿಬಿಡುತ್ತಿದ್ದೆವು. ಅರ್ಧ ಗಂಟೆಯ ಧಾರಾವಾಹಿ ಇಪ್ಪತ್ತೆರಡು ನಿಮಿಷಕ್ಕೆ ಮುಗಿಯುತ್ತಿತ್ತು. ಇದು ಚಾನೆಲ್ಲಿನವರಿಗೆ ಎಲ್ಲ ಕಡೆಯೂ ಹಿಡಿಸದ ವಿಷಯವೇ. ಅಮೆರಿಕದಲ್ಲಿ ಜಾಹೀರಾತನ್ನು ತಾನಾಗಿಯೇ ಹಾರಿಸುವ ರಿಪ್ಲೇ ಟಿವಿ ಎಂಬ ಪೆಟ್ಟಿಗೆಯ ಮೇಲೆ 2001ರಲ್ಲಿ ಟಿವಿ ಕಂಪನಿಗಳು ದಾವೆ ಹೂಡಿದವು, ಅದನ್ನು ತಯಾರಿಸುತ್ತಿದ್ದ ಕಂಪನಿ 2003ರಲ್ಲಿ ದಿವಾಳಿಯಾಯಿತು. ಇಂಟರ್ನೆಟ್ ಟಿವಿಗೆ ದಾವೆ ಹೂಡುವ ಅಗತ್ಯವೇ ಇಲ್ಲ, ಮುಂದಕ್ಕೆ ಓಡಿಸುವ ಗುಂಡಿ ಅವರ ಕೈಯಲ್ಲೇ ಇದೆ. ಜಾಹೀರಾತು ಬಂದಾಗ ಗುಂಡಿ ಕೆಲಸ ಮಾಡುವುದಿಲ್ಲ, ಅಷ್ಟೇ. ಹಣ ಕೊಟ್ಟವರಿಗಾದರೂ ಜಾಹೀರಾತಿಲ್ಲ ಎಂಬ ಮಾತಿತ್ತು. 2025ರ ಜೂನ್‌ನಿಂದ ಪ್ರೈಮ್ ವಿಡಿಯೋ ನಮ್ಮ ದೇಶದಲ್ಲೂ ಜಾಹೀರಾತು ತೋರಿಸತೊಡಗಿದೆ, ಬೇಡವೆಂದರೆ ವರ್ಷಕ್ಕೆ ಇನ್ನೂ 699 ರೂಪಾಯಿ ಕೊಡಬೇಕು.

ನಿನ್ನೆ ಇದ್ದದ್ದು ನಾಳೆ ಇರುತ್ತದೆಂಬ ಖಾತ್ರಿಯೂ ಇಲ್ಲ. 2023ರ ಮಾರ್ಚ್ ಕೊನೆಗೆ ಎಚ್‌ಬಿಒ ಸರಣಿಗಳು ಹಾಟ್‌ಸ್ಟಾರ್‌ನಿಂದ ಹೊರಬಿದ್ದವು. ವರ್ಷದ ಚಂದಾ ಕಟ್ಟಿದ್ದವರು ಮಧ್ಯದಲ್ಲೇ ನೋಡುವುದು ನಿಲ್ಲಿಸಬೇಕಾಯಿತು. ಅದೇ ವರ್ಷದ ಐಪಿಎಲ್ ಜಿಯೋಸಿನಿಮಾದಲ್ಲಿ ಉಚಿತವಾಗಿತ್ತು. 2025ರ ಫೆಬ್ರವರಿಯಲ್ಲಿ ಎರಡು ಆ್ಯಪ್‌ಗಳೂ ಸೇರಿ ಜಿಯೋಹಾಟ್‌ಸ್ಟಾರ್ ಆದವು, ಆ ವರ್ಷದ ಮ್ಯಾಚುಗಳನ್ನು ಪೂರ್ತಿ ನೋಡಲು ಚಂದಾ ಬೇಕಾಯಿತು. ಆ್ಯಪ್‌ನಲ್ಲೂ ಡೌನ್‌ಲೋಡ್ ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದಕ್ಕೂ ಗಡುವಿದೆ, ಚಂದಾ ಮುಗಿದರೆ ಅದೂ ಮುಗಿಯಿತು. ಹಳೆಯ ಪೆಟ್ಟಿಗೆಯ ಬೀಗವೇ ಇಲ್ಲೂ ಇದೆ, ಪೆಟ್ಟಿಗೆ ಮಾತ್ರ ಕಣ್ಣಿಗೆ ಕಾಣುವುದಿಲ್ಲ.

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಗ್ರಾಹಕ ಸಂರಕ್ಷಣೆ ಎಂಬ ಅಧ್ಯಾಯವಿದೆ. ಆರು ಹಕ್ಕುಗಳನ್ನು ನಾವು ಬಾಯಿಪಾಠ ಮಾಡುತ್ತೇವೆ. ಅವುಗಳಲ್ಲಿ ಮಾಹಿತಿ ಪಡೆಯುವ ಹಕ್ಕು, ಆಯ್ಕೆಯ ಹಕ್ಕು ಎಂಬ ಎರಡನ್ನು ಈ ಪೆಟ್ಟಿಗೆಗೆ ಹಚ್ಚಿ ನೋಡಿದೆ. ಕೊಳ್ಳುವಾಗ ಅಂಗಡಿಯವರು ಎಷ್ಟು ಗಂಟೆ ರೆಕಾರ್ಡ್ ಆಗುತ್ತದೆಂದು ಹೇಳಿದರು. ರೀಚಾರ್ಜ್ ನಿಂತರೆ ಆ ಗಂಟೆಗಳೆಲ್ಲ ಸೊನ್ನೆ ಎಂದು ಹೇಳಲಿಲ್ಲ. ಅದು ಕರಾರು ಪತ್ರದ ಸಣ್ಣ ಅಕ್ಷರಗಳಲ್ಲಿ ಇದ್ದಿರಬಹುದು, ಆದರೆ ಅಬ್ಬಾ ಸಹಿ ಹಾಕುವಾಗ ಆ ಕಾಗದ ಇಂಗ್ಲಿಷಿನಲ್ಲಿತ್ತು. ಆಯ್ಕೆಯ ಹಕ್ಕಿನ ಕತೆ ಇನ್ನೂ ವಿಚಿತ್ರ. ಮೊಬೈಲ್ ಕಂಪನಿ ಸರಿಯಿಲ್ಲವೆಂದರೆ 2011ರಿಂದ ದೇಶದಾದ್ಯಂತ ಅದೇ ನಂಬರ್ ಇಟ್ಟುಕೊಂಡು ಬೇರೆ ಕಂಪನಿಗೆ ಹೋಗಬಹುದು, ಫೋನನ್ನು ಎಸೆಯಬೇಕಾಗಿಲ್ಲ. ಡಿಟಿಎಚ್ ಕಂಪನಿ ಬದಲಿಸಿದರೆ ಪೆಟ್ಟಿಗೆಯೂ ಗುಜರಿ, ಅದರೊಳಗಿನ ರೆಕಾರ್ಡಿಂಗೂ ಗುಜರಿ. ಒಂದು ಕಂಪನಿಯ ಪೆಟ್ಟಿಗೆ ಇನ್ನೊಂದರ ಸೇವೆಗೂ ಒಗ್ಗುವಂತೆ ಮಾಡಬೇಕೆಂದು ಟ್ರಾಯ್ 2020ರ ಏಪ್ರಿಲ್‌ನಲ್ಲೇ ಶಿಫಾರಸು ಮಾಡಿದೆ. ಅಂಥ ಪೆಟ್ಟಿಗೆಯನ್ನು ಅಂಗಡಿಯಲ್ಲಿ ನಾನು ಇದುವರೆಗೆ ಕಂಡಿಲ್ಲ.

ನನ್ನ ಅಭಿಪ್ರಾಯ ಇಷ್ಟು. ರೆಕಾರ್ಡಿಂಗ್ ಪೆಟ್ಟಿಗೆ ಹೋಗುತ್ತದೆ, ಹೋಗಲಿ. ಗ್ರಾಹಕರ ಮಾತನ್ನು ಇಷ್ಟು ವರ್ಷ ಕೇಳದ ವಸ್ತುವಿಗಾಗಿ ಅಳುವುದಿಲ್ಲ. ಆದರೆ ಅದರ ಜೊತೆಗೆ ಒಂದು ಪ್ರತಿ ನಮ್ಮ ಬಳಿ ಇಟ್ಟುಕೊಳ್ಳುವ ಅಭ್ಯಾಸವೂ ಹೊರಟುಹೋಗುತ್ತಿದೆ, ಅದನ್ನು ಯಾರೂ ಗಮನಿಸುತ್ತಿಲ್ಲ. ಮನರಂಜನೆಯಲ್ಲಿ ಅದು ಹೋದರೆ ದೊಡ್ಡ ನಷ್ಟವೇನಲ್ಲ, ಒಂದು ಧಾರಾವಾಹಿ ಹೋದರೆ ಇನ್ನೊಂದು. ಸಾರ್ವಜನಿಕ ಹಣದಿಂದ ತಯಾರಾಗಿ ಉಚಿತ ಚಾನೆಲ್ಲಿನಲ್ಲಿ ಬಂದ ಪಾಠವನ್ನು ರೀಚಾರ್ಜಿಗೆ ಕಟ್ಟಬಾರದು ಎಂದಷ್ಟೇ ನಾನು ಕೇಳುವುದು. ಟಿವಿ ಪೆಟ್ಟಿಗೆಯಾದರೂ ಸರಿ, ಆ್ಯಪ್ ಆದರೂ ಸರಿ, ದೂರದರ್ಶನದ ಚಾನೆಲ್‌ನಿಂದ ಹಿಡಿದಿಟ್ಟದ್ದಕ್ಕೆ ಬೀಗವಿರಬಾರದು ಎಂದು ಒಂದು ಸಾಲಿನ ನಿಯಮ ಮಾಡಿದರೆ ಸಾಕು. ಯಾವ ಕಂಪನಿಯೂ ಇದರಿಂದ ಮುಳುಗುವುದಿಲ್ಲ.

ಮನೆಯಲ್ಲಿ ಇನ್ನೂ ಇಂಥ ಪೆಟ್ಟಿಗೆ ಇಟ್ಟುಕೊಂಡವರಿಗೆ ಒಂದು ಮಾತು: ಬಿಟ್ಟುಬಿಡುವ ಯೋಚನೆಯಿದ್ದರೆ ರೀಚಾರ್ಜ್ ಮುಗಿಯುವ ಮೊದಲೇ ಬೇಕಾದದ್ದನ್ನು ನೋಡಿ ಮುಗಿಸಿ. ಹೊಸ ಪೆಟ್ಟಿಗೆ ಕೊಳ್ಳುವವರು ಅಂಗಡಿಯಲ್ಲೇ ಕೇಳಿ, ಸೇವೆ ನಿಂತ ಮೇಲೆ ರೆಕಾರ್ಡಿಂಗ್ ತೆರೆಯುತ್ತದೆಯೇ, ಪೆನ್‌ಡ್ರೈವಿನಲ್ಲಿ ತುಂಬಿಕೊಂಡದ್ದು ಬೇರೆ ಟಿವಿಯಲ್ಲಿ ಓಡುತ್ತದೆಯೇ ಎಂದು. ಉತ್ತರ ತಪ್ಪಾಗಿ ಕೊಟ್ಟು ಮಾರಿದರೆ ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಇನ್ನೊಂದು ಮಾತು ನಮ್ಮ ಉಪನ್ಯಾಸಕರಿಗೆ. ಈಗ ಪಾಠದ ವಿಡಿಯೋಗಳಿಗೆ ವಾಟ್ಸಾಪ್ ಗುಂಪಿನಲ್ಲಿ ಲಿಂಕ್ ಕಳಿಸುತ್ತೀರಿ. ಹೊರಗಿನವರ ವಿಡಿಯೋ ಆದರೆ ಅದು ಯಾವಾಗ ಮಾಯವಾಗುತ್ತದೆಂದು ಹೇಳಲಾಗುವುದಿಲ್ಲ, ಕಳೆದ ಸೆಮಿಸ್ಟರಿಗೆ ಕಳಿಸಿದ್ದ ಅಕೌಂಟೆನ್ಸಿ ಲಿಂಕುಗಳಲ್ಲಿ ಎರಡು ಈಗಲೇ ತೆರೆಯುತ್ತಿಲ್ಲ. ಅದಕ್ಕೆ ನೀವೇನು ಮಾಡಲು ಸಾಧ್ಯ. ಆದರೆ ನೀವೇ ಮಾಡಿದ ಪಾಠಗಳಿವೆಯಲ್ಲ, ಆನ್‌ಲೈನ್ ತರಗತಿಯ ಕಾಲದವು, ಪರೀಕ್ಷೆಗೆ ಮುಂಚಿನ ಪುನರಾವರ್ತನೆ ತರಗತಿಗಳು, ಅವುಗಳ ಪ್ರತಿಯನ್ನು ಗ್ರಂಥಾಲಯದ ಕಂಪ್ಯೂಟರಿನಲ್ಲಿ ವಿಷಯವಾರು ಹಾಕಿಡಲು ಸಾಧ್ಯವೇ? ಪೆನ್‌ಡ್ರೈವ್ ತಂದವರು ತುಂಬಿಕೊಂಡು ಹೋಗಲಿ, ತರದವರು ಮಧ್ಯಾಹ್ನದ ಬಿಡುವಿನಲ್ಲಿ ಅಲ್ಲೇ ಕೂತು ನೋಡಲಿ. ಫೈಲುಗಳಿಗೆ ಕನ್ನಡದಲ್ಲಿ ಹೆಸರು ಹಾಕಿ ಜೋಡಿಸುವ ಕೆಲಸವನ್ನು ನಾನು ಮತ್ತು ನನ್ನ ಇಬ್ಬರು ಗೆಳತಿಯರು ಶನಿವಾರಗಳಂದು ಮಾಡಿಕೊಡುತ್ತೇವೆ. ಗ್ರಂಥಪಾಲಕರ ಬಳಿ ಈಗಾಗಲೇ ಕೇಳಿದ್ದೇವೆ, ಪ್ರಾಂಶುಪಾಲರ ಒಪ್ಪಿಗೆ ಸಿಕ್ಕರೆ ಜಾಗವಿದೆ ಎಂದಿದ್ದಾರೆ.